ಹಾಜರಾತಿ ಪುಸ್ತಕಕ್ಕೆ ಸಿಲುಕಿದ ಹಕ್ಕು

ಮುಟ್ಟಿನ ದಿನಗಳಲ್ಲಿ ಹೆಣ್ಣುಮಕ್ಕಳಿಗೆ ವಿಶ್ರಾಂತಿ ಬೇಕೆಂಬುದನ್ನು ಕರ್ನಾಟಕ ಸರಕಾರ 2025ರಲ್ಲಿ ಅಧಿಕೃತವಾಗಿ ಒಪ್ಪಿಕೊಂಡಿತು. ಅಕ್ಟೋಬರ್ 9ರಂದು ಸೇರಿದ್ದ ಸಚಿವ ಸಂಪುಟ, ತಿಂಗಳಿಗೊಂದರಂತೆ ವರ್ಷಕ್ಕೆ 12 ದಿನಗಳ ವೇತನಸಹಿತ ಋತುಚಕ್ರ ರಜೆಗೆ ಸಮ್ಮತಿ ನೀಡಿತು. ನವೆಂಬರ್‌ನಲ್ಲಿ ಹೊರಬಿದ್ದ ಆದೇಶವು ಕಾರ್ಖಾನೆ, ಅಂಗಡಿ, ತೋಟಗಳಲ್ಲಿ ದುಡಿಯುವ 18ರಿಂದ 52 ವರ್ಷದ ಮಹಿಳೆಯರಿಗೆ ಈ ರಜೆಯನ್ನು ಅನ್ವಯಿಸಿತು. ವೈದ್ಯರ ಪ್ರಮಾಣಪತ್ರ ಕೇಳಕೂಡದು ಎಂದೂ ಹೇಳಿತು. ಆದರೆ ಅದೇ ವಯೋಮಾನದ ಲಕ್ಷಾಂತರ ಕಾಲೇಜು ವಿದ್ಯಾರ್ಥಿನಿಯರ ಪ್ರಸ್ತಾಪ ಆ ಆದೇಶದಲ್ಲಿ ಇರಲಿಲ್ಲ.

ಈ ವ್ಯತ್ಯಾಸ ಎದ್ದು ಕಾಣಬೇಕಾದರೆ ಬೆಂಗಳೂರಿನ ರಾಜರಾಜೇಶ್ವರಿನಗರದಂಥ ಬಡಾವಣೆಯನ್ನು ನೋಡಬೇಕು. ಮಗ್ಗುಲಲ್ಲೇ ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣವಿದೆ. ಸುತ್ತ ಎಂಜಿನಿಯರಿಂಗ್ ಕಾಲೇಜುಗಳು, ಪರ ಊರಿನ ಮಕ್ಕಳನ್ನು ನಂಬಿ ನಡೆಯುವ ಪಿ.ಜಿ.ಗಳು. ಮೈಸೂರು ರಸ್ತೆಯ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ದುಡಿಯುವ 20 ವರ್ಷದ ಯುವತಿಯ ನೋವನ್ನು ಸರಕಾರದ ಆದೇಶ ಗುರುತಿಸಿತು. ಅದೇ ಬಸ್ಸಿನಲ್ಲಿ ಕಾಲೇಜಿಗೆ ಹೋಗುವ 20 ವರ್ಷದ ವಿದ್ಯಾರ್ಥಿನಿಯ ಪಾಲಿಗೆ ಉಳಿದದ್ದು ಮಾತ್ರ ಶೇ. 75ರ ಹಾಜರಾತಿ ನಿಯಮ.

ಗೇಟಿನಿಂದ ಆರಂಭವಾದ ಹೋರಾಟ

ಕ್ಯಾಂಪಸ್‌ಗಳ ಸ್ತ್ರೀವಾದಿ ಚಳವಳಿ ಈತನಕ ಹೆಚ್ಚಾಗಿ ಹೋರಾಡಿದ್ದು ಬೀದಿ ಮತ್ತು ಗೇಟಿಗಾಗಿ. ಬೀದಿಯ ಲೈಂಗಿಕ ಕಿರುಕುಳವನ್ನು ಪ್ರಶ್ನಿಸಿದ ‘ಬ್ಲಾಂಕ್ ನಾಯ್ಸ್’ 2003ರಲ್ಲಿ ಹುಟ್ಟಿದ್ದು ಬೆಂಗಳೂರಿನ ವಿದ್ಯಾರ್ಥಿನಿಯೊಬ್ಬರ ಕಾಲೇಜು ಯೋಜನೆಯಾಗಿ. 2009ರ ಜನವರಿಯಲ್ಲಿ ಮಂಗಳೂರಿನ ಪಬ್ ಮೇಲೆ ನಡೆದ ದಾಳಿ ರಾಜ್ಯಾದ್ಯಂತ ಯುವತಿಯರನ್ನು ಕೆರಳಿಸಿತು. 2015ರಲ್ಲಿ ದಿಲ್ಲಿಯಲ್ಲಿ ಆರಂಭವಾದ ‘ಪಿಂಜ್ರಾ ತೋಡ್’, ಅಂದರೆ ‘ಪಂಜರ ಮುರಿಯಿರಿ’ ಎಂಬ ಆಂದೋಲನ, ಹಾಸ್ಟೆಲ್ ಹುಡುಗಿಯರಿಗಷ್ಟೇ ಸಂಜೆಯ ಗಡುವೇಕೆ ಎಂದು ಕೇಳಿತು. ಬೆಂಗಳೂರಿನಲ್ಲಿ ಹೊಸ ವರ್ಷದ ಮುನ್ನಾದಿನದ ರಾತ್ರಿ ನಡೆದ ಕಿರುಕುಳ ಪ್ರಕರಣಗಳ ಬೆನ್ನಲ್ಲೇ, 2017ರ ಜನವರಿ 21ರಂದು ದೇಶದ ಹಲವು ನಗರಗಳಲ್ಲಿ ಯುವತಿಯರು ಮೆರವಣಿಗೆ ಹೊರಟರು.

ಸುರಕ್ಷತೆಯ ನೆಪದಲ್ಲಿ ವಿದ್ಯಾರ್ಥಿನಿಯರ ಮೇಲೆ ತಾರತಮ್ಯದ ನಿಯಮ ಹೇರಬಾರದೆಂದು ಯುಜಿಸಿಯ ‘ಸಕ್ಷಮ್’ ವರದಿ 2013ರಲ್ಲೇ ಹೇಳಿತ್ತು. ಗೇಟಿನ ಹೋರಾಟಕ್ಕೆ ಅಷ್ಟರಮಟ್ಟಿಗೆ ಆಧಾರ ಸಿಕ್ಕಿತು. ಆದರೆ ಗೇಟಿನ ಒಳಗೆ ವಿದ್ಯಾರ್ಥಿನಿಯ ದೇಹದ ಮೇಲೆ ಯಾರ ಅಧಿಕಾರ ಎಂಬ ಪ್ರಶ್ನೆ ಹಾಗೆಯೇ ಉಳಿಯಿತು. ಮುಟ್ಟು, ಗರ್ಭ, ಗರ್ಭಪಾತ, ಹೆರಿಗೆ ಇವು ಕಾಲೇಜಿನ ನೋಟೀಸು ಬೋರ್ಡಿಗೆ ಇಂದಿಗೂ ಅಪರಿಚಿತ ಪದಗಳು.

ಕೇರಳ ತೋರಿದ ದಾರಿ

ಈ ಪ್ರಶ್ನೆಯನ್ನು ಘೋಷಣೆಯಿಂದ ಕಡತಕ್ಕೆ ಇಳಿಸಿದ ಕೀರ್ತಿ ಕೊಚ್ಚಿ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯದ ವಿದ್ಯಾರ್ಥಿ ಒಕ್ಕೂಟದ್ದು. ಅದರ ಬೇಡಿಕೆಗೆ ಮಣಿದ ವಿ.ವಿ., 2023ರ ಜನವರಿಯಲ್ಲಿ ಪ್ರತಿ ಸೆಮಿಸ್ಟರ್‌ನಲ್ಲಿ ವಿದ್ಯಾರ್ಥಿನಿಯರಿಗೆ ಹಾಜರಾತಿಯಲ್ಲಿ ಶೇ. 2ರ ಹೆಚ್ಚುವರಿ ವಿನಾಯಿತಿ ಪ್ರಕಟಿಸಿತು. ಕೆಲವೇ ದಿನಗಳಲ್ಲಿ ಕೇರಳ ಸರಕಾರ ಉನ್ನತ ಶಿಕ್ಷಣ ಇಲಾಖೆಯಡಿಯ ಎಲ್ಲ ವಿ.ವಿ.ಗಳಿಗೂ ಇದನ್ನು ವಿಸ್ತರಿಸಿತು. ಪರೀಕ್ಷೆಗೆ ಬೇಕಾದ ಹಾಜರಾತಿ ಶೇ. 75ರಿಂದ 73ಕ್ಕೆ ಇಳಿಯಿತು.

ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಸೆಮಿಸ್ಟರ್‌ನ ಒಟ್ಟು ಲೆಕ್ಕದಲ್ಲೇ ವಿನಾಯಿತಿ ಸಿಗುವುದರಿಂದ, ಯಾವ ದಿನ ಏಕೆ ಬರಲಿಲ್ಲವೆಂದು ವಿದ್ಯಾರ್ಥಿನಿ ಪ್ರತಿ ತಿಂಗಳೂ ವಿವರಿಸಬೇಕಾಗಿಲ್ಲ. ನೂರು ಕಣ್ಣುಗಳ ತರಗತಿಯಲ್ಲಿ ರಜಾಚೀಟಿ ಹಿಡಿದು ನಿಲ್ಲುವ ಮುಜುಗರವೂ ಇಲ್ಲ.

ಕಾನೂನು ಮುಂದೆ, ಕ್ಯಾಂಪಸ್ ಹಿಂದೆ

ಗರ್ಭಪಾತದ ವಿಷಯದಲ್ಲಿ ಅಂತರ ಇನ್ನೂ ದೊಡ್ಡದು. ತಾಯಿಯಾಗಬೇಕೇ ಬೇಡವೇ ಎಂಬ ಆಯ್ಕೆ ವೈಯಕ್ತಿಕ ಸ್ವಾತಂತ್ರ್ಯದ ಭಾಗವೆಂದು ಸುಪ್ರೀಂ ಕೋರ್ಟ್ 2009ರಲ್ಲೇ ಹೇಳಿತ್ತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ್ದ ಮೊಕದ್ದಮೆಯಲ್ಲಿ 2017ರಲ್ಲಿ ಖಾಸಗಿತನ ಮೂಲಭೂತ ಹಕ್ಕಾಯಿತು. 1971ರ ವೈದ್ಯಕೀಯ ಗರ್ಭಪಾತ ಕಾಯ್ದೆಗೆ 2021ರಲ್ಲಿ ತಿದ್ದುಪಡಿಯಾಯಿತು. 2022ರ ಸೆಪ್ಟೆಂಬರ್ 29ರಂದು ಕೊಡಗು ಮೂಲದ ನ್ಯಾಯಮೂರ್ತಿ ಎ.ಎಸ್. ಬೋಪಣ್ಣ ಅವರೂ ಇದ್ದ ತ್ರಿಸದಸ್ಯ ಪೀಠ, 24 ವಾರಗಳವರೆಗಿನ ಗರ್ಭಪಾತದ ನಿಯಮದಲ್ಲಿ ವಿವಾಹಿತೆ, ಅವಿವಾಹಿತೆ ಎಂಬ ಭೇದ ಸಲ್ಲದೆಂದು ತೀರ್ಪಿತ್ತಿತು.

ಹದಿನೆಂಟು ತುಂಬಿದವಳಿಗೆ ತನ್ನ ಒಪ್ಪಿಗೆಯೊಂದೇ ಸಾಕು. ಪಾಲಕರ ಸಹಿ ಬೇಕಿಲ್ಲ. ಆಕೆಯ ಗುರುತನ್ನು ಹೊರಗೆಡಹುವ ವೈದ್ಯರಿಗೆ ಒಂದು ವರ್ಷದವರೆಗೆ ಜೈಲು ಶಿಕ್ಷೆ ವಿಧಿಸಲು ಅವಕಾಶವಿದೆ. ಆದರೆ ಹಾಸ್ಟೆಲ್ ವಾರ್ಡನ್ ಅಥವಾ ಪಿ.ಜಿ. ಮಾಲೀಕರ ಬಾಯಿಗೆ ಇಂಥ ಬೀಗವಿಲ್ಲ. ಅವರಿಗೆ ತಿಳಿದದ್ದು ಊರಿನ ಮನೆಗೆ ಮುಟ್ಟಲು ತಡವಾಗದು. ಮನೆಗೆ ಮುಟ್ಟಿದರೆ ಎಷ್ಟೋ ಹುಡುಗಿಯರ ಓದು ಅಲ್ಲಿಗೇ ನಿಲ್ಲುತ್ತದೆ, ಗಂಡು ಹುಡುಕುವ ಮಾತು ಶುರುವಾಗುತ್ತದೆ. ಆ ಭಯಕ್ಕೆ ಆಸ್ಪತ್ರೆಯ ಮೆಟ್ಟಿಲು ಹತ್ತದೆ ಔಷಧಿ ಅಂಗಡಿಯ ಮಾತ್ರೆಗೆ ಶರಣಾದರೆ ಜೀವಕ್ಕೇ ಸಂಚಕಾರ.

ಮಗು ಬೇಕೆಂದು ನಿರ್ಧರಿಸಿದವಳ ಸ್ಥಿತಿಯೂ ಸುಲಭವಲ್ಲ. ಪಿಎಚ್.ಡಿ. ಸಂಶೋಧಕಿಯರಿಗೆ ಯುಜಿಸಿ ನಿಯಮದಂತೆ 240 ದಿನಗಳವರೆಗೆ ಹೆರಿಗೆ ರಜೆ ಸಿಗುತ್ತದೆ. ಪದವಿ ಮತ್ತು ಸ್ನಾತಕೋತ್ತರ ವಿದ್ಯಾರ್ಥಿನಿಯರಿಗೂ ಹಾಜರಾತಿ, ಪರೀಕ್ಷಾ ಅರ್ಜಿಗಳಲ್ಲಿ ರಿಯಾಯಿತಿ ನೀಡಲು ನಿಯಮ ರೂಪಿಸಿ ಎಂದು ಯುಜಿಸಿ 2021ರ ಡಿಸೆಂಬರ್‌ನಲ್ಲಿ ವಿ.ವಿ.ಗಳಿಗೆ ಪತ್ರ ಬರೆಯಿತು. ಆದರೆ ಅದು ಸಲಹೆಯಷ್ಟೇ. ನಿಯಮ ಮಾಡುವ ಹೊಣೆ ಆಯಾ ವಿ.ವಿ.ಯ ಮರ್ಜಿಗೆ ಬಿಟ್ಟದ್ದು.

ಆಕ್ಷೇಪಗಳೂ ಉಂಟು

ಇಂಥ ರಿಯಾಯಿತಿಯಿಂದ ಹೆಣ್ಣು ದುರ್ಬಲಳೆಂಬ ಹಣೆಪಟ್ಟಿ ಗಟ್ಟಿಯಾಗುತ್ತದೆ ಎಂಬ ವಾದವನ್ನು ಅಲ್ಲಗಳೆಯುವಂತಿಲ್ಲ. ಮುಟ್ಟು ಅಂಗವೈಕಲ್ಯವಲ್ಲ ಎಂದು ಅಂದಿನ ಕೇಂದ್ರ ಸಚಿವೆ ಸ್ಮೃತಿ ಇರಾನಿ 2023ರ ಡಿಸೆಂಬರ್‌ನಲ್ಲಿ ರಾಜ್ಯಸಭೆಯಲ್ಲಿ ಹೇಳಿದ್ದರು. ರಜೆ ಕಡ್ಡಾಯವಾದರೆ ಮಾಲೀಕರು ಮಹಿಳೆಯರನ್ನು ಕೆಲಸಕ್ಕೇ ತೆಗೆದುಕೊಳ್ಳಲಾರರು ಎಂಬ ಆತಂಕ ಅದೇ ವರ್ಷ ಸುಪ್ರೀಂ ಕೋರ್ಟಿನಲ್ಲೂ ಕೇಳಿಬಂದಿತ್ತು. ಆದರೆ ಈ ಆತಂಕ ಕಾಲೇಜಿಗೆ ಅನ್ವಯಿಸದು. ಅಲ್ಲಿ ವಿದ್ಯಾರ್ಥಿನಿ ಸಂಬಳ ಪಡೆಯುವವಳಲ್ಲ, ಶುಲ್ಕ ಕಟ್ಟುವವಳು. ಆಕೆ ಕೇಳುತ್ತಿರುವುದು ಪರೀಕ್ಷೆಗೆ ಕೂರುವ ಅರ್ಹತೆ ಕಳೆದುಕೊಳ್ಳದಿರುವ ಭರವಸೆಯನ್ನು ಮಾತ್ರ.

ಕರ್ನಾಟಕಕ್ಕೆ ಈ ವಿಷಯದಲ್ಲಿ ಅಂಜುವ ಅಗತ್ಯವೂ ಇಲ್ಲ. ಸರಕಾರವೇ ಸಂತಾನ ನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆಯಬೇಕೆಂದು 1930ರಲ್ಲೇ ಆದೇಶಿಸಿ ಲೋಕದ ಗಮನ ಸೆಳೆದದ್ದು ಮೈಸೂರು ಸಂಸ್ಥಾನ. ಆಗಿನ ಸಮಾಜ ಇಂದಿಗಿಂತ ಉದಾರವಾಗಿತ್ತೆಂದು ಯಾರೂ ಹೇಳಲಾರರು.

ಈಗ ಬೇಕಾದದ್ದಕ್ಕೆ ಹೊಸ ಕಾಯ್ದೆಯ ಹಂಗೂ ಇಲ್ಲ. ಹಾಜರಾತಿಯಲ್ಲಿ ಶೇ. 2ರ ವಿನಾಯಿತಿ, ಪದವಿ ವಿದ್ಯಾರ್ಥಿನಿಯರಿಗೂ ಹೆರಿಗೆ ರಜೆ, ಕ್ಯಾಂಪಸ್ ಆರೋಗ್ಯ ಕೇಂದ್ರದಲ್ಲಿ ವಾರಕ್ಕೊಮ್ಮೆಯಾದರೂ ಸ್ತ್ರೀರೋಗ ತಜ್ಞೆ, ವಯಸ್ಕ ವಿದ್ಯಾರ್ಥಿನಿಯ ವೈದ್ಯಕೀಯ ವಿಷಯವನ್ನು ಆಕೆಯ ಒಪ್ಪಿಗೆಯಿಲ್ಲದೆ ಮನೆಗೆ ತಿಳಿಸಕೂಡದೆಂಬ ಹಾಸ್ಟೆಲ್ ನಿಯಮ ಇವೆಲ್ಲ ವಿಶ್ವವಿದ್ಯಾಲಯಗಳು ತಮ್ಮ ಹಂತದಲ್ಲೇ ಮಾಡಬಹುದಾದ ತೀರ್ಮಾನಗಳು. ಕೊಚ್ಚಿಯಲ್ಲಿ ಇಂಥದೊಂದು ತೀರ್ಮಾನ ಬಂದದ್ದು ವಿದ್ಯಾರ್ಥಿಗಳ ಬೇಡಿಕೆ ಒಕ್ಕೂಟದ ಮೂಲಕ ಆಡಳಿತದ ಮೇಜಿಗೆ ತಲುಪಿದ್ದರಿಂದ. ಕರ್ನಾಟಕದ ಕ್ಯಾಂಪಸ್‌ಗಳಲ್ಲಿ ಆ ಬೇಡಿಕೆಯನ್ನು ಮೇಜಿನವರೆಗೆ ಒಯ್ಯಬಲ್ಲ ಚುನಾಯಿತ ವಿದ್ಯಾರ್ಥಿ ಸಂಘಗಳೇ ವಿರಳ. ವಿದ್ಯಾರ್ಥಿನಿಯರ ಮುಂದಿನ ಹೋರಾಟ ಆರಂಭವಾಗಬೇಕಾದದ್ದು ಬಹುಶಃ ಅಲ್ಲಿಂದಲೇ.