ಮಾರ್ಗದರ್ಶಿ ನಾಯಿಗೆ ಮನೆಯೇ ಮೊದಲ ಪಾಠಶಾಲೆ

ದೃಷ್ಟಿಹೀನರನ್ನು ವಾಹನಗಳ ನಡುವೆ ಸುರಕ್ಷಿತವಾಗಿ ನಡೆಸಿಕೊಂಡು ಹೋಗುವ ಮಾರ್ಗದರ್ಶಿ ನಾಯಿಯನ್ನು ಕಂಡವರು ‘ಎಂಥ ತರಬೇತಿ!’ ಎಂದು ಬೆರಗಾಗುವುದು ಸಹಜ. ಆದರೆ ಆ ಹೊಗಳಿಕೆಯ ದೊಡ್ಡ ಪಾಲು ತರಬೇತಿ ಶಾಲೆಗಲ್ಲ, ಮರಿಯನ್ನು ಒಂದು ವರ್ಷ ಸಾಕಿ, ತಿದ್ದಿ, ಕೊನೆಗೆ ಬಿಟ್ಟುಕೊಡುವ ಸಾಮಾನ್ಯ ಕುಟುಂಬಗಳಿಗೆ ಸಲ್ಲಬೇಕು ಎಂಬುದು ನನ್ನ ಅಭಿಪ್ರಾಯ.

ಮೊದಲ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿಗಾಗಿ 1916ರಲ್ಲಿ ಜರ್ಮನಿಯ ಓಲ್ಡನ್‌ಬರ್ಗ್‌ನಲ್ಲಿ ಡಾ. ಗೆರ್ಹಾರ್ಡ್ ಸ್ಟಾಲಿಂಗ್ ಇಂಥ ನಾಯಿಗಳ ಶಾಲೆಯನ್ನು ಆರಂಭಿಸಿದರು. ಅಮೆರಿಕದಲ್ಲಿ ‘ಸೀಯಿಂಗ್ ಐ’ ಸಂಸ್ಥೆ ಹುಟ್ಟಿದ್ದು 1929ರಲ್ಲಿ. ಬ್ರಿಟನ್ನಿನಲ್ಲಿ 1931ರಲ್ಲಿ ಮೊದಲ ನಾಲ್ಕು ನಾಯಿಗಳು ಸಿದ್ಧವಾದವು. ಮರಿಗಳನ್ನು ಸ್ವಯಂಸೇವಕರ ಮನೆಗಳಲ್ಲಿ ಬೆಳೆಸುವ ಕ್ರಮ ಅಮೆರಿಕದಲ್ಲಿ 1942ರಲ್ಲೂ ಬ್ರಿಟನ್ನಿನಲ್ಲಿ 1956ರಲ್ಲೂ ಜಾರಿಗೆ ಬಂತು.

ಮೊದಲ ವರ್ಷ ಏಕೆ ಮುಖ್ಯ?

ಹುಟ್ಟಿದ ಮೂರನೆಯ ವಾರದಿಂದ ಸುಮಾರು ಮೂರು ತಿಂಗಳವರೆಗೆ ನಾಯಿಮರಿಯ ಮನಸ್ಸು ಹೊಸದನ್ನು ಸುಲಭವಾಗಿ ಒಪ್ಪಿಕೊಳ್ಳುತ್ತದೆ. ಈ ಅವಧಿಯಲ್ಲಿ ಗೂಡಿನಲ್ಲೇ ಉಳಿದ ಮರಿಗೆ ಮುಂದೆ ಬಸ್ಸಿನ ಸದ್ದು, ಮೆಟ್ಟಿಲು, ಜನಜಂಗುಳಿ ಎಲ್ಲವೂ ಭಯ ಹುಟ್ಟಿಸುತ್ತವೆ. ಅಂಜುವ ನಾಯಿಯನ್ನು ನಂಬಿ ರಸ್ತೆ ದಾಟುವುದು ಹೇಗೆ? ಆದ್ದರಿಂದಲೇ ಏಳೆಂಟು ವಾರಗಳ ಲ್ಯಾಬ್ರಡಾರ್ ಅಥವಾ ಗೋಲ್ಡನ್ ರಿಟ್ರೀವರ್ ಮರಿಯನ್ನು ಕುಟುಂಬವೊಂದಕ್ಕೆ ಒಪ್ಪಿಸುತ್ತಾರೆ. ಲಸಿಕೆಗಳನ್ನು ಹಾಕಿಸಿ, ಪಶುವೈದ್ಯರ ಸಲಹೆಯಂತೆ ಅದನ್ನು ಅಂಗಡಿ, ರೈಲು ನಿಲ್ದಾಣ, ಲಿಫ್ಟುಗಳಿಗೆ ಸ್ವಲ್ಪಸ್ವಲ್ಪವಾಗಿ ಪರಿಚಯಿಸುತ್ತಾರೆ.

ಮನೆಯಲ್ಲಿ ಕಲಿಸುವ ಪಾಠಗಳು ಚಿಕ್ಕವೆನಿಸಿದರೂ ಪ್ರತಿಯೊಂದಕ್ಕೂ ಕಾರಣವಿದೆ. ಊಟದ ಮೇಜಿನಿಂದ ತುಣುಕು ಹಾಕುವಂತಿಲ್ಲ. ನೆಲಕ್ಕೆ ಬಿದ್ದದ್ದನ್ನು ತಿನ್ನಲು ಬಿಡುವಂತಿಲ್ಲ. ಈ ಚಟ ಅಂಟಿಸಿಕೊಂಡ ನಾಯಿ ಮುಂದೆ ದಾರಿಯಲ್ಲಿ ಬಿದ್ದ ಬಿಸ್ಕತ್ತಿನತ್ತ ಎಳೆದರೆ ಹಿಂದಿರುವ ವ್ಯಕ್ತಿ ಮುಗ್ಗರಿಸುತ್ತಾನೆ. ಅಪರಿಚಿತರ ಮೇಲೆ ಹಾರಬಾರದು, ಕುರ್ಚಿಯಡಿ ಗಂಟೆಗಟ್ಟಲೆ ತೆಪ್ಪಗೆ ಮಲಗಬೇಕು, ಹೇಳಿದ ಜಾಗದಲ್ಲೇ ಮಲಮೂತ್ರ ವಿಸರ್ಜಿಸಬೇಕು. ಕೊನೆಯದು ಕಣ್ಣು ಕಾಣದ ಒಡೆಯ ತಾನೇ ಅದನ್ನು ಶುಚಿಗೊಳಿಸಲು ಅತ್ಯಗತ್ಯ. ಮರಿಗೆ ಪ್ರೀತಿ ಧಾರಾಳವಾಗಿ ಸಿಗಬೇಕು. ಅತಿಮುದ್ದು ಮಾತ್ರ ಸಲ್ಲದು.

ಮರಿಗೆ ಒಂದು ವರ್ಷ ತುಂಬಿದ ಮೇಲೆ ಅದು ಶಾಲೆಗೆ ಮರಳುತ್ತದೆ. ಕಣ್ಣು, ಸೊಂಟದ ಕೀಲುಗಳ ತಪಾಸಣೆಯಾಗುತ್ತದೆ. ಮುಂದಿನ ಕೆಲವು ತಿಂಗಳು ರಸ್ತೆಯ ಅಂಚಿನಲ್ಲಿ ನಿಲ್ಲುವುದು, ಅಡೆತಡೆಗಳನ್ನು ಬಳಸಿ ಹೋಗುವುದು, ತಲೆಗೆ ತಾಗುವ ಕೊಂಬೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದು ಇವೆಲ್ಲದರ ಅಭ್ಯಾಸ. ಎಲ್ಲಕ್ಕಿಂತ ಕಠಿಣವಾದದ್ದು ‘ವಿವೇಕದ ಅವಿಧೇಯತೆ’. ‘ಮುಂದೆ ನಡೆ’ ಎಂದರೂ ಎದುರಿಗೆ ವಾಹನ ಬರುತ್ತಿದ್ದರೆ ನಾಯಿ ಕದಲಬಾರದು. ಸಿಗ್ನಲ್ ದೀಪವನ್ನು ನಾಯಿ ಓದುವುದಿಲ್ಲ. ಸದ್ದು ಆಲಿಸಿ ದಾಟುವ ನಿರ್ಧಾರ ಕೈಗೊಳ್ಳುವುದು ಮನುಷ್ಯನೇ. ನಾಯಿ ಆ ನಿರ್ಧಾರಕ್ಕೆ ಕಾವಲು. ಇಷ್ಟು ಧೈರ್ಯ ಹೆದರಿ ಬೆಳೆದ ಮರಿಗೆ ಬರುವುದಿಲ್ಲ. ಎಲ್ಲ ಮರಿಗಳೂ ಉತ್ತೀರ್ಣವಾಗುವುದಿಲ್ಲ ಎಂಬುದನ್ನೂ ಹೇಳಬೇಕು. ಅನರ್ಹವಾದವು ಬೇರೆ ಕೆಲಸಕ್ಕೋ ಸಾಕುನಾಯಿಯಾಗಿಯೋ ಹೋಗುತ್ತವೆ.

ಸಾಕಿದವರಿಂದ ಮರಿಯನ್ನು ಕಿತ್ತುಕೊಳ್ಳುವುದು ಕ್ರೂರವಲ್ಲವೇ ಎಂದು ಕೆಲವರು ಕೇಳಬಹುದು. ಅಗಲಿಕೆಯ ನೋವು ನಿಜ. ಆದರೆ ಒಬ್ಬರ ಕಣ್ಣೀರು ಇನ್ನೊಬ್ಬರಿಗೆ ಯಾರ ಹಂಗೂ ಇಲ್ಲದೆ ನಡೆದಾಡುವ ಸ್ವಾತಂತ್ರ್ಯ ಕೊಡುತ್ತದೆ. ನಡಿಗೆಯಿಂದ ದೇಹಕ್ಕೆ ವ್ಯಾಯಾಮ, ಮನಸ್ಸಿಗೆ ಆತ್ಮವಿಶ್ವಾಸ. ಇದು ಆರೋಗ್ಯದ ವಿಷಯವೇ ಹೌದು.

ಇಷ್ಟೆಲ್ಲ ಶ್ರಮವನ್ನು ಕೆಡಿಸಲು ದಾರಿಹೋಕನ ಒಂದು ಬಿಸ್ಕತ್ತು ಸಾಕು. ಹೆಗಲಿಗೆ ಹಿಡಿಕೆಯ ಪಟ್ಟಿ ಕಟ್ಟಿಕೊಂಡ ನಾಯಿ ಕೆಲಸದಲ್ಲಿದೆ ಎಂದು ತಿಳಿಯಬೇಕು. ಅದನ್ನು ಕರೆಯುವುದು, ಮುಟ್ಟುವುದು, ತಿನಿಸು ಕೊಡುವುದು ಕೂಡದು. ಮಾತನಾಡಬೇಕೆನಿಸಿದರೆ ಜೊತೆಯಲ್ಲಿರುವ ವ್ಯಕ್ತಿಯೊಂದಿಗೆ ಮಾತನಾಡಿ.

ನಮ್ಮಲ್ಲಿ ಮಾರ್ಗದರ್ಶಿ ನಾಯಿಗಳು ತೀರ ವಿರಳ. ಒಡೆದ ಪಾದಚಾರಿ ಮಾರ್ಗ, ಅದರ ಮೇಲೆ ನಿಲ್ಲಿಸಿದ ಸ್ಕೂಟರು, ಬೀದಿನಾಯಿಗಳ ಹಿಂಡು ಇವುಗಳ ನಡುವೆ ಎಂಥ ಜಾಣ ನಾಯಿಯೂ ಸೋತೀತು. ಇಲ್ಲಿ ಬಹುಮಂದಿ ದೃಷ್ಟಿಹೀನರಿಗೆ ಬಿಳಿ ಕೋಲೇ ಆಸರೆ. ಅಡೆತಡೆಯಿಲ್ಲದ ಸಾರ್ವಜನಿಕ ಸ್ಥಳಗಳು ಅಂಗವಿಕಲರ ಹಕ್ಕೆಂದು 2016ರ ಕಾಯ್ದೆ ಹೇಳುತ್ತದೆ. ಪಾದಚಾರಿ ಮಾರ್ಗದಿಂದ ನಮ್ಮ ವಾಹನವನ್ನು ತೆಗೆಯುವುದಕ್ಕೆ ಕಾಯ್ದೆಯನ್ನೂ ಕಾಯಬೇಕಿಲ್ಲ. ಬಿಳಿ ಕೋಲು ಹಿಡಿದವರ ತೋಳು ಹಿಡಿದು ಎಳೆಯಬೇಡಿ. ‘ಸಹಾಯ ಬೇಕೇ?’ ಎಂದು ಮೊದಲು ಕೇಳಿ. ಬೇಕೆಂದರೆ ಅವರೇ ನಿಮ್ಮ ಮೊಣಕೈ ಹಿಡಿದು ಬರಲಿ.