ಲೋಪವನ್ನು ಮರೆಮಾಚದ ಆತ್ಮಕಥೆಗಳು

ನಮ್ಮ ಧರ್ಮಕೇಂದ್ರಗಳ ವಾಚನಾಲಯಗಳಲ್ಲಿ ಸಂತರ ಜೀವನಚರಿತ್ರೆಗಳಿಗೆ ಕೊರತೆಯಿಲ್ಲ, ಕೊರತೆಯಿರುವುದು ಓದುಗರಿಗೆ. ತೊಟ್ಟಿಲಿನಿಂದಲೇ ನಿಷ್ಕಳಂಕರೆಂದು ಚಿತ್ರಿತರಾದ ಸಂತರು ನಮಗೆ ವಂದ್ಯರಾಗುತ್ತಾರೆಯೇ ಹೊರತು ಅನುಕರಣೀಯರಾಗುವುದಿಲ್ಲ.

ಆದುದರಿಂದಲೇ ವಿಶ್ವಗುರು ಫ್ರಾನ್ಸಿಸ್‌ರವರ ಎರಡು ಗ್ರಂಥಗಳನ್ನು ಕೊಂಡಿಡುವಂತೆ ಸೂಚಿಸಬಯಸುತ್ತೇವೆ. 2024ರಲ್ಲಿ ಹೊರಬಂದ 'ಲೈಫ್' ಎರಡನೆಯ ಮಹಾಯುದ್ಧದಿಂದ ಮೊದಲ್ಗೊಂಡು ಲೋಕದ ಆಗುಹೋಗುಗಳ ನಡುವೆ ತಮ್ಮ ಬಾಳನ್ನಿಟ್ಟು ನೋಡಿದ ಕಥನ. ಮರಣಾನಂತರವೇ ಪ್ರಕಟವಾಗಬೇಕೆಂದಿದ್ದ ಆತ್ಮಕಥೆ 'ಹೋಪ್' ಜೂಬಿಲಿ ವರ್ಷದ ನಿಮಿತ್ತ 2025ರ ಜನವರಿಯಲ್ಲೇ ಬೆಳಕು ಕಂಡಿತು. ಏಪ್ರಿಲ್ 21ರಂದು ಅವರು ಪ್ರಭುವಿನಲ್ಲಿ ನಿದ್ರಿಸಿದರು. ಅವರ ಅಜ್ಜ, ಅಜ್ಜಿ ಹಾಗೂ ತಂದೆ ಇಟಲಿಯಿಂದ ಅರ್ಜೆಂಟೀನಾಕ್ಕೆ ಹೊರಡಲು ಟಿಕೆಟು ಕೊಂಡಿದ್ದ ಹಡಗು 1927ರಲ್ಲಿ ಮುಳುಗಿತು. ಆಸ್ತಿಯ ಮಾರಾಟ ತಡವಾದುದರಿಂದ ಅವರು ಅದನ್ನು ಏರಿರಲಿಲ್ಲ. ಈ ಕೃಪೆಯನ್ನು ಸ್ಮರಿಸುವ ಲೇಖನಿಯೇ ಬಾಲ್ಯದ ತನ್ನ ತಪ್ಪುಗಳನ್ನೂ ಬರೆದಿಡುತ್ತದೆ.

ಇದು ಹೊಸ ಮಾರ್ಗವೇನಲ್ಲ. ಸುಮಾರು 1600 ವರ್ಷಗಳ ಹಿಂದೆಯೇ ಸಂತ ಅಗಸ್ಟೀನರು ಪಾಪನಿವೇದನೆಯನ್ನೂ ದೇವಸ್ತುತಿಯನ್ನೂ ಒಂದೇ ಪದದಲ್ಲಿ ಹಿಡಿದಿಟ್ಟು ತಮ್ಮ ಗ್ರಂಥಕ್ಕೆ ಆ ಹೆಸರನ್ನೇ ಇತ್ತರು. ತಪ್ಪನ್ನು ಒಪ್ಪಿಕೊಳ್ಳದವನ ಸ್ತೋತ್ರ ಅಪೂರ್ಣವೆಂಬುದೇ ಇದರ ತಾತ್ಪರ್ಯ.

ನಮ್ಮ ಮನೆಗಳಲ್ಲಿ ನಡೆಯುತ್ತಿರುವುದೇನು? ಹಿರಿಯರು ಮಕ್ಕಳಿಗೆ ತಮ್ಮ ಸಾಧನೆಯನ್ನಷ್ಟೇ ಹೇಳುತ್ತಾರೆ. ತಂದೆಯೂ ಎಡವಿದ್ದನೆಂದು ತಿಳಿಯದ ಮಗ, ತಾನು ಎಡವಿದ ದಿನ ಮನೆಗೆ ಮರಳಲು ಅಂಜುತ್ತಾನೆ. ಪೋಲಿಹೋದ ಮಗನ ಸಾಮತಿಯನ್ನು ಬಲ್ಲ ನಾವು ಇದಕ್ಕೆ ಎಡೆಗೊಡಬಾರದು.

ಇಂಗ್ಲಿಷ್ ಬಲ್ಲ ಯುವಜನರು ಈ ಗ್ರಂಥಗಳನ್ನೋದಿ, ಸಂಜೆಯ ಜಪಸರದ ಬಳಿಕ ಹಿರಿಯರಿಗೆ ಕನ್ನಡದಲ್ಲಿ ಹೇಳಲಿ. ಹಿರಿಯರು ಪ್ರತಿಯಾಗಿ ತಮ್ಮ ಬಾಳಿನ ಒಂದು ಸತ್ಯವನ್ನು ಹೇಳಲಿ. ಪ್ರತಿ ಕುಟುಂಬವೂ ಬರೆಯಬೇಕಾದ ಆತ್ಮಕಥೆ ಅಲ್ಲಿಂದಲೇ ಆರಂಭವಾದೀತು.