ನೆತ್ತರಿನ ಬರಹ

ತೀವ್ರ ನಿಗಾ ಘಟಕದ ಬಾಗಿಲಿನ ಹೊರಗೆ ಒಂದು ಬೆಂಚು ಇದ್ದೇ ಇರುತ್ತದೆ. ಅದರ ಮೇಲೆ ರಾತ್ರಿಯೆಲ್ಲ ಕುಳಿತಿರುವವರು ತಾಯಿಯಾಗಲಿ, ಮಡದಿಯಾಗಲಿ, ಮಗನಾಗಲಿ, ಬಾಗಿಲು ತೆರೆದೊಡನೆ ಎದ್ದು ನಿಂತು ಕೇಳುವುದು ಒಂದೇ ಪ್ರಶ್ನೆ: "ಡಾಕ್ಟರೇ, ಉಳಿಯುತ್ತಾರೆಯೇ?" ಹಿಂದೆ ಈ ಪ್ರಶ್ನೆಯನ್ನು ನಾಡಿ ಹಿಡಿದ ಪಂಡಿತರ ಮುಂದೆ ಇಡುತ್ತಿದ್ದರು, ಅವರೂ ಮೌನವಾದರೆ ಹಣೆಯ ಬರಹವನ್ನು ನೆನೆದು ಸುಮ್ಮನಾಗುತ್ತಿದ್ದರು. ಇಂದು ವೈದ್ಯರ ಕೈಯಲ್ಲಿ ಒಂದು ಕಾಗದವಿರುತ್ತದೆ. ರೋಗಿಯ ರಕ್ತದಲ್ಲಿ ಇಂತಿಂಥ ವಸ್ತು ಇಷ್ಟಿಷ್ಟು ಇದೆಯೆಂದು ಅದರಲ್ಲಿ ಅಂಕಿಗಳಲ್ಲಿ ಬರೆದಿರುತ್ತದೆ. ಬೆಂಚಿನಿಂದ ಎದ್ದವರ ದೃಷ್ಟಿ ವೈದ್ಯರ ಮುಖವನ್ನು ಬಿಟ್ಟು ಆ ಕಾಗದದ ಮೇಲೆ ನೆಡುತ್ತದೆ. ಹಣೆಯ ಬರಹ ಓದಲು ಬಾರದಿದ್ದರೇನು, ನೆತ್ತರಿನ ಬರಹ ಓದಬಹುದಲ್ಲ ಎಂಬ ಆಸೆ ಅವರದು.

ಈ ವಸ್ತುಗಳಿಗೆ 'ಜೈವಿಕ ಸೂಚಕ'ಗಳೆಂದು ಹೆಸರು. ಸಂಸ್ಕೃತದಲ್ಲಿ ಸೂಚಕನೆಂದರೆ ಚಾಡಿಕೋರನೆಂಬ ಅರ್ಥವೂ ಉಂಟು. ಹೆಸರಿಟ್ಟವರ ಮನಸ್ಸಿನಲ್ಲಿ ಆ ಅರ್ಥ ಇದ್ದಿರಲಾರದು. ಆದರೂ ಹೆಸರು ಚೆನ್ನಾಗಿಯೇ ಒಪ್ಪುತ್ತದೆ. ಮನೆಯೊಳಗೆ ಏನೋ ನಡೆದಿದೆಯೆಂದು ಚಾಡಿಕೋರ ಬಂದು ಹೇಳಿದಾಗ ಕಿವಿಗೊಡದಿರುವುದು ತಪ್ಪು. ವಿಚಾರಿಸದೆ ತೀರ್ಪು ಕೊಡುವುದು ಅದಕ್ಕಿಂತ ದೊಡ್ಡ ತಪ್ಪು.

ತೀವ್ರ ನಿಗಾ ಚಿಕಿತ್ಸೆ ಹುಟ್ಟಿದ್ದೇ ಇಂಥದೊಂದು ವಿಚಾರಣೆಯಿಂದ. 1952ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರವನ್ನು ಪೋಲಿಯೋ ಪಿಡುಗು ಮುತ್ತಿತು. ಬ್ಲೆಗ್ಡಮ್ ಆಸ್ಪತ್ರೆಯಲ್ಲಿ ಮೊದಲ ವಾರಗಳಲ್ಲಿ ಉಸಿರಾಟದ ಯಂತ್ರಕ್ಕೆ ಸೇರಿಸಿದ 31 ರೋಗಿಗಳಲ್ಲಿ 27 ಮಂದಿ ತೀರಿಕೊಂಡರು. ಅವರ ರಕ್ತ ಪರೀಕ್ಷೆಯಲ್ಲಿ ಇಂಗಾಲದ ಡೈಆಕ್ಸೈಡಿನ ಒಟ್ಟು ಅಂಶ ಬಹಳ ಹೆಚ್ಚಾಗಿ ಕಾಣುತ್ತಿದ್ದಿತು. ರಕ್ತ ಕ್ಷಾರಗುಣ ಪಡೆದಿದೆ, ಇದು ರೋಗದ ಯಾವುದೋ ಗೂಢ ವಿಕಾರ ಎಂದು ಅಲ್ಲಿನ ವೈದ್ಯರು ಅದನ್ನು ಓದಿಕೊಂಡಿದ್ದರು. ಬ್ಯೋರ್ನ್ ಇಬ್ಸೆನ್ ಎಂಬ ಅರಿವಳಿಕೆ ತಜ್ಞರನ್ನು ಕರೆಸಿದಾಗ ಅವರು ಅದೇ ಅಂಕಿಯನ್ನು ಬೇರೆ ಬಗೆಯಾಗಿ ಓದಿದರು. ರೋಗಿಗಳಿಗೆ ಉಸಿರು ಸಾಲುತ್ತಿಲ್ಲ, ಹೊರಹೋಗಬೇಕಾದ ಅನಿಲ ಒಳಗೇ ಉಳಿದಿದೆ, ಅಷ್ಟೇ ಎಂದರು. ಆಗಸ್ಟ್ 27ರಂದು ಹನ್ನೆರಡು ವರ್ಷದ ಬಾಲಕಿಯೊಬ್ಬಳ ಗಂಟಲಿಗೆ ರಂಧ್ರಮಾಡಿ, ಕೊಳವೆ ತೂರಿಸಿ, ರಬ್ಬರ್ ಚೀಲವನ್ನು ಕೈಯಿಂದ ಒತ್ತಿ ಉಸಿರು ತುಂಬಿಸಿದರು. ಬಾಲಕಿ ಉಳಿದಳು. ಮುಂದೆ ತಿಂಗಳುಗಟ್ಟಲೆ ವೈದ್ಯ ವಿದ್ಯಾರ್ಥಿಗಳು ಸರದಿಯ ಮೇಲೆ ಹಾಸಿಗೆಗಳ ಬಳಿ ಕುಳಿತು ಹಗಲಿರುಳು ಆ ಚೀಲಗಳನ್ನು ಒತ್ತಿದರು. ಅಂಕಿಗಳು ಬದಲಾಗಿರಲಿಲ್ಲ, ಓದಿದ ಬಗೆ ಬದಲಾಗಿದ್ದಿತು. ಮರುವರ್ಷದ ಕೊನೆಗೆ ಇಬ್ಸೆನ್ ಅದೇ ನಗರದಲ್ಲಿ, ಇಂದು ಎಲ್ಲರೂ ಐ.ಸಿ.ಯು. ಎಂದು ಕರೆಯುವ ವಾರ್ಡನ್ನು ತೆರೆದರು.

ಇಂದಿನ ಐ.ಸಿ.ಯು.ಗಳಲ್ಲಿ ಅತಿ ಹೆಚ್ಚು ಬಾರಿ ಕೇಳಿಬರುವ ಸೂಚಕದ ಹೆಸರು ಲ್ಯಾಕ್ಟೇಟ್. ಹೆಸರು ಹೊಸದೆನಿಸಿದರೂ ವಸ್ತು ಹೊಸದಲ್ಲ. ಮೊಸರಿಗೆ ಹುಳಿ ಕೊಡುವ ಲ್ಯಾಕ್ಟಿಕ್ ಆಮ್ಲದ ರೂಪವೇ ಅದು. 1780ರಲ್ಲಿ ಸ್ವೀಡನ್ನಿನ ಷೀಲೆ ಎಂಬ ರಸಾಯನ ಪಂಡಿತ ಅದನ್ನು ಮೊದಲು ಬೇರ್ಪಡಿಸಿದ್ದು ಹುಳಿತ ಹಾಲಿನಿಂದಲೇ. ಅರುವತ್ತು ವರ್ಷಗಳ ತರುವಾಯ ಜರ್ಮನಿಯ ವುರ್ಟ್ಸ್‌ಬುರ್ಗ್ ನಗರದಲ್ಲಿ ಬಾಣಂತಿ ಜ್ವರ ಹರಡಿದಾಗ, ಷೆರರ್ ಎಂಬ ವೈದ್ಯ ಮೃತರಾದ ಬಾಣಂತಿಯರ ರಕ್ತವನ್ನು ಪರೀಕ್ಷಿಸಿದ. ಅವರಲ್ಲಿ ಒಬ್ಬಳು 23 ವರ್ಷದ ಚೊಚ್ಚಲ ಬಾಣಂತಿ. ಮಗು ಆರೋಗ್ಯವಾಗಿದ್ದಿತು, ತಾಯಿ ಎರಡು ದಿನಗಳೊಳಗೆ ಕಣ್ಣು ಮುಚ್ಚಿದಳು. ಆಕೆಯ ನೆತ್ತರಿನಲ್ಲಿ ಹುಳಿ ಹಾಲಿನ ಆ ಆಮ್ಲವೇ ಸಿಕ್ಕಿತು. ಆರೋಗ್ಯವಂತರ ರಕ್ತದಲ್ಲಿ ಅದು ಆತನಿಗೆ ಕಂಡಿರಲಿಲ್ಲ. 1843ರಲ್ಲಿ ಆತ ಇದನ್ನು ಬರೆದು ಪ್ರಕಟಿಸಿದ. ಸಾವಿನ ಹತ್ತಿರ ಬಂದ ದೇಹದಲ್ಲಿ ರಕ್ತ ಹುಳಿಯುತ್ತದೆಯೆಂಬುದಕ್ಕೆ ದೊರೆತ ಮೊದಲ ಸಾಕ್ಷ್ಯ ಅದು.

ಕಾರಣ ಹೀಗೆ. ದೇಹದ ಹೆಚ್ಚಿನ ಬಗೆಯ ಕೋಶಗಳು ಸಕ್ಕರೆಯನ್ನು ಆಮ್ಲಜನಕದ ನೆರವಿನಿಂದ ಪೂರ್ತಿಯಾಗಿ ಉರಿಸಿ ಶಕ್ತಿ ಪಡೆಯುತ್ತವೆ. ರಕ್ತದ ಒತ್ತಡ ಕುಸಿದು ಆಮ್ಲಜನಕ ತಲಪದಿದ್ದರೆ ಕೋಶ ಸುಮ್ಮನೆ ಸಾಯುವುದಿಲ್ಲ. ಅರೆಬರೆ ಉರಿಸಿ ದಿನ ದೂಡುತ್ತದೆ. ಆ ಅರೆ ಉರಿಯ ಉಳಿಕೆಯೇ ಲ್ಯಾಕ್ಟೇಟ್. ಸೌದೆ ಹಸಿಯಾಗಿದ್ದಾಗ ಒಲೆಯಿಂದ ಹೊಗೆ ಏಳುವಂತೆ ಎನ್ನಬಹುದು. ಆರೋಗ್ಯವಂತರು ವಿಶ್ರಾಂತಿಯಲ್ಲಿರುವಾಗ ಒಂದು ಲೀಟರ್ ರಕ್ತಕ್ಕೆ ಅದು 2 ಮಿಲಿಮೋಲಿಗಿಂತ ಕಡಮೆ ಇರುತ್ತದೆ. ಅಮೆರಿಕದ ಲಾಸ್ ಏಂಜಲೀಸಿನಲ್ಲಿ ರಕ್ತಪರಿಚಲನೆ ಕುಸಿದ ರೋಗಿಗಳಿಗೆಂದೇ ಒಂದು ವಾರ್ಡನ್ನು ಕಟ್ಟಿದ ಮ್ಯಾಕ್ಸ್ ಹ್ಯಾರಿ ವೀಲ್, ಅಫೀಫಿ ಎಂಬವರೊಡನೆ 142 ರೋಗಿಗಳ ರಕ್ತವನ್ನು ಅಳೆದು 1970ರಲ್ಲಿ ಒಂದು ಲೆಕ್ಕವನ್ನು ಮುಂದಿಟ್ಟರು. ಲ್ಯಾಕ್ಟೇಟ್ 2.1ರಿಂದ 8ಕ್ಕೆ ಏರುವಷ್ಟರಲ್ಲಿ ಬದುಕುವ ಸಂಭವ ಶೇಕಡಾ 90ರಿಂದ ಶೇಕಡಾ 10ಕ್ಕೆ ಇಳಿಯುತ್ತದೆ! ಭವಿಷ್ಯ ಹೇಳುವ ಯಾವ ಶಾಸ್ತ್ರಕ್ಕೂ ಇಷ್ಟು ನೇರವಾದ ಗೆರೆ ಎಳೆಯಲು ಬಂದಿರಲಿಲ್ಲ.

ಆದರೆ ನಾನ್ನೂರು ಮೀಟರ್ ಓಟದಲ್ಲಿ ಪ್ರಾಣವಿಟ್ಟು ಓಡಿದ ತರುಣನ ರಕ್ತವನ್ನು ಗುರಿ ಮುಟ್ಟಿದ ಕೆಲವು ನಿಮಿಷಗಳಲ್ಲಿ ತೆಗೆದು ನೋಡಿದರೆ ಲ್ಯಾಕ್ಟೇಟ್ 15 ದಾಟಿರಬಹುದು, 20ನ್ನೂ ಮುಟ್ಟಿರಬಹುದು. ವೀಲ್ ಅವರ ಗೆರೆಯ ಪ್ರಕಾರ ಅವನು ಉಳಿಯಬಾರದು. ಅವನೋ ಮೈದಾನದ ಅಂಚಿನಲ್ಲಿ ನಿಂಬೆ ಪಾನಕ ಕುಡಿಯುತ್ತಿರುತ್ತಾನೆ. ಫಿಟ್ಸ್ ಬಂದು ಹೋದವರಲ್ಲೂ ಅದು ಹೀಗೆಯೇ ಏರಿ ಇಳಿಯುತ್ತದೆ. ಲ್ಯಾಕ್ಟೇಟನ್ನು ತೊಳೆದುಹಾಕುವುದು ಹೆಚ್ಚಾಗಿ ಯಕೃತ್ತಿನ ಕೆಲಸವಾದ್ದರಿಂದ ಯಕೃತ್ತು ಕೆಟ್ಟವರಲ್ಲಿ ಅದು ತಂಗುತ್ತದೆ. ಆಸ್ತಮಾ ರೋಗಿಗೆ ಉಸಿರು ಬಿಡಿಸಲು ಕೊಟ್ಟ ಸಾಲ್ಬುಟಮಾಲ್ ಔಷಧವೂ ಅದನ್ನು ಏರಿಸಬಲ್ಲದು. ಅಂಕಿ ಒಂದೇ, ಕಥೆ ನಾಲ್ಕು!

ಆದಕಾರಣ ವೈದ್ಯರು ಒಂದು ಸಲದ ಅಂಕಿಗಿಂತ ಅದು ಸಾಗುವ ದಿಕ್ಕನ್ನು ಹೆಚ್ಚು ನಂಬತೊಡಗಿದರು. ಡೆಟ್ರಾಯಿಟ್ ನಗರದಲ್ಲಿ ಸೋಂಕು ಮೈಯೆಲ್ಲ ವ್ಯಾಪಿಸಿದ 111 ರೋಗಿಗಳನ್ನು ಗಮನಿಸಿ 2004ರಲ್ಲಿ ಪ್ರಕಟಿಸಿದ ವರದಿಯೊಂದರಲ್ಲಿ, ಮೊದಲ ಆರು ಗಂಟೆಗಳಲ್ಲಿ ಲ್ಯಾಕ್ಟೇಟ್ ಇಳಿದವರು ಹೆಚ್ಚಾಗಿ ಉಳಿದದ್ದು ಕಂಡಿತು. ಅಂದಿನಿಂದ ಎರಡು ಗಂಟೆಗೊಮ್ಮೆ ನಾಲ್ಕು ಗಂಟೆಗೊಮ್ಮೆ ರಕ್ತ ತೆಗೆಯುವುದು ರೂಢಿಯಾಯಿತು. "ಮತ್ತೆ ಮತ್ತೆ ಯಾಕೆ ಚುಚ್ಚುತ್ತಾರೆ?" ಎಂದು ಬೆಂಚಿನ ಮೇಲಿನವರು ನೊಂದುಕೊಳ್ಳುವುದು ಸಹಜ, ಚುಚ್ಚುವುದರ ಅರ್ಥ ಆ ದಿಕ್ಕಿನಲ್ಲಿದೆ.

ಇಲ್ಲಿ ಒಂದು ಸ್ವಾರಸ್ಯದ ಸಂಗತಿಯನ್ನು ಹೇಳದೆ ಬಿಡಲಾಗದು. ದಕ್ಷಿಣ ಅಮೆರಿಕದ ಐದು ದೇಶಗಳ 28 ಆಸ್ಪತ್ರೆಗಳಲ್ಲಿ 424 ರೋಗಿಗಳನ್ನು ಎರಡು ಗುಂಪಾಗಿ ಮಾಡಿದರು. ಒಂದು ಗುಂಪಿನ ಚಿಕಿತ್ಸೆ ಲ್ಯಾಕ್ಟೇಟ್ ಅಂಕಿಯನ್ನು ಹಿಂಬಾಲಿಸಿತು. ಇನ್ನೊಂದರಲ್ಲಿ ವೈದ್ಯರು ರೋಗಿಯ ಬೆರಳ ತುದಿಯನ್ನು ಗಾಜಿನ ತುಂಡಿನಿಂದ ಒತ್ತಿ ಬಿಟ್ಟು, ಬಿಳುಪಾದ ಚರ್ಮ ಎಷ್ಟು ಕ್ಷಣಗಳಲ್ಲಿ ಮತ್ತೆ ಕೆಂಪೇರುತ್ತದೆಂದು ಎಣಿಸಿದರು, ಅಷ್ಟೆ. 2019ರಲ್ಲಿ ಫಲಿತಾಂಶ ಹೊರಬಿದ್ದಿತು. 28 ದಿನಗಳೊಳಗೆ ತೀರಿಕೊಂಡವರು ಲ್ಯಾಕ್ಟೇಟ್ ಗುಂಪಿನಲ್ಲಿ ಶೇಕಡಾ 43.4, ಬೆರಳಿನ ಗುಂಪಿನಲ್ಲಿ ಶೇಕಡಾ 34.9. ಈ ಅಂತರ ಆಕಸ್ಮಿಕವಲ್ಲವೆಂದು ಗಣಿತದ ಕಟ್ಟುನಿಟ್ಟಿನಲ್ಲಿ ಸಾಧಿಸಲಾಗಲಿಲ್ಲ; ಆದ್ದರಿಂದ ಬೆರಳೇ ಮೇಲೆಂದು ಘೋಷಿಸುವಂತಿಲ್ಲ. ಆದರೆ ಕಾಸು ಖರ್ಚಿಲ್ಲದ ಆ ಒತ್ತುವಿಕೆ ದುಬಾರಿ ಯಂತ್ರಕ್ಕೆ ಸೋಲಲಿಲ್ಲವೆಂಬುದು ಸಣ್ಣ ಮಾತೇನೂ ಅಲ್ಲ.

ಇಷ್ಟರವರೆಗೆ ಹೇಳಿದ್ದು ಚಿಕಿತ್ಸೆಗೆ ದಾರಿ ತೋರುವ ಸೂಚಕದ ಮಾತು. ಚಿಕಿತ್ಸೆಯನ್ನು ನಿಲ್ಲಿಸಲು ಬಳಸಬಹುದಾದ ಸೂಚಕವೂ ಒಂದಿದೆ. ಅಲ್ಲಿ ಓದುವವರ ಹೊಣೆ ಬಹು ಘೋರವಾದುದು. ಹೃದಯ ನಿಂತು ಮತ್ತೆ ಮಿಡಿಯತೊಡಗಿದ ರೋಗಿ ಎಷ್ಟೋ ವೇಳೆ ಪ್ರಜ್ಞೆಯಿಲ್ಲದೆ ಮಲಗಿರುತ್ತಾನೆ. ಮೆದುಳಿಗೆ ರಕ್ತವಿಲ್ಲದೆ ಹೋದ ಆ ನಿಮಿಷಗಳಲ್ಲಿ ನರಕೋಶಗಳು ಒಡೆದಿದ್ದರೆ, ಅವುಗಳೊಳಗಿನ ಎನೊಲೇಸ್ ಎಂಬ ಕಿಣ್ವ ರಕ್ತಕ್ಕೆ ಸೋರುತ್ತದೆ. ಎಷ್ಟು ಸೋರಿದೆಯೆಂದು ಅಳೆದರೆ ಮೆದುಳಿನ ಹಾನಿ ಎಷ್ಟೆಂದು ಊಹಿಸಬಹುದು. 2006ರಲ್ಲಿ ಅಮೆರಿಕದ ನರವೈದ್ಯರ ಅಕಾಡೆಮಿ ಪ್ರಕಟಿಸಿದ ಮಾರ್ಗಸೂಚಿ, ಮೊದಲ ಮೂರು ದಿನಗಳಲ್ಲಿ ಈ ಕಿಣ್ವ ಲೀಟರಿಗೆ 33 ಮೈಕ್ರೋಗ್ರಾಮ್ ಮೀರಿದ್ದರೆ ಚೇತರಿಕೆಯ ಆಸೆ ಇಲ್ಲವೆಂಬ ಅರ್ಥ ಬರುವಂತೆ ಹೇಳಿತು.

ಆ ವೇಳೆಗಾಗಲೇ ಇಂಥ ರೋಗಿಗಳ ಮೈಯ ಉಷ್ಣವನ್ನು ಒಂದು ದಿನದ ಮಟ್ಟಿಗೆ ಇಳಿಸಿಡುವ ಚಿಕಿತ್ಸೆ ಹಬ್ಬುತ್ತಿದ್ದಿತು. ಹೀಗೆ ತಂಪಿನಲ್ಲಿಟ್ಟ ರೋಗಿಗಳಲ್ಲಿ 33 ಮೀರಿದ ಕೆಲವರು ಕಣ್ಣು ತೆರೆದರು, ಮನೆಯವರನ್ನು ಗುರುತಿಸಿದರು, ನಡೆದು ಮನೆಗೆ ಹೋದರು. ಗೆರೆ ತಪ್ಪಾಗಿದ್ದಿತು. ಅದರ ಬಲದ ಮೇಲೆ ಎಲ್ಲಿಯಾದರೂ ಯಂತ್ರ ಕಳಚಿದ್ದರೆ ಆ ರೋಗಿಯ ಕಥೆ ಅಲ್ಲಿಗೆ ಮುಗಿಯಿತು. ಇನ್ನೂ ವಿಷಾದದ ಮಾತೆಂದರೆ, ಅಂಕಿಯನ್ನು ನಂಬಿ ಚಿಕಿತ್ಸೆ ನಿಲ್ಲಿಸಿದರೆ ರೋಗಿ ಸಾಯುತ್ತಾನೆ. ಸತ್ತಮೇಲೆ "ನೋಡಿ, ಅಂಕಿ ನಿಜವಾಯಿತು" ಎಂದು ಅದೇ ಅಂಕಿಯ ಖಾತೆಗೆ ಜಮೆಯಾಗುತ್ತದೆ. ಜ್ಯೋತಿಷಿಯೇ ವಿಷವಿಕ್ಕಿ ತನ್ನ ಭವಿಷ್ಯವನ್ನು ಸಾಧಿಸಿಕೊಂಡ ಹಾಗೆ. ಇಂಥ ಲೆಕ್ಕದಲ್ಲಿ ಸೂಚಕದ ತಪ್ಪು ಹೊರಬೀಳುವ ದಾರಿಯೇ ಇಲ್ಲ.

ಈ ಕಿಣ್ವದ ಚಾಡಿಯಲ್ಲಿ ಮತ್ತೊಂದು ಮೋಸವಿದೆ. ಅದು ಕೆಂಪು ರಕ್ತಕಣಗಳಲ್ಲೂ ಇರುತ್ತದೆ. ಸೂಜಿಯಿಂದ ಎಳೆಯುವಾಗಲೋ, ಪ್ರಯೋಗಶಾಲೆಗೆ ಸಾಗಿಸುವಾಗಲೋ ಕಣಗಳು ಒಡೆದರೆ ಅಂಕಿ ಏರುತ್ತದೆ. ಮೆದುಳು ನೆಟ್ಟಗಿದ್ದರೂ ಕಾಗದದ ಮೇಲೆ ಮೆದುಳು ಸತ್ತಂತೆ ಕಾಣಬಹುದು. ಕೆಲವು ಬಗೆಯ ಶ್ವಾಸಕೋಶದ ಗೆಡ್ಡೆಗಳೂ ಇದನ್ನು ಸುರಿಸುತ್ತವೆ.

2021ರಲ್ಲಿ ಯುರೋಪಿನ ತಜ್ಞರು ಹೊಸ ಮಾರ್ಗಸೂಚಿಯನ್ನು ಹೊರಡಿಸಿ ಗೆರೆಯನ್ನು 60ಕ್ಕೆ ಏರಿಸಿದರು. ಅಳೆಯಬೇಕಾದದ್ದು 48 ಅಥವಾ 72 ಗಂಟೆಗಳಲ್ಲಿ, ಮತ್ತು ಆ ಒಂದರಿಂದಲೇ ಏನನ್ನೂ ನಿಶ್ಚಯಿಸಕೂಡದು. ಕಣ್ಣಿನ ಪಾಪೆ ಬೆಳಕಿಗೆ ಕುಗ್ಗುತ್ತದೆಯೇ, ಮೆದುಳಿನ ವಿದ್ಯುತ್ ಅಲೆಗಳು ಹೇಗಿವೆ, ಚಿತ್ರದಲ್ಲಿ ಮೆದುಳು ಊದಿದೆಯೇ, ಇಂಥವುಗಳಲ್ಲಿ ಎರಡಾದರೂ ಒಂದೇ ಮಾತನ್ನು ಹೇಳಬೇಕು. ಅದೂ ನಿದ್ರೆ ಬರಿಸುವ ಔಷಧಗಳ ಪ್ರಭಾವ ಇಳಿದ ಮೇಲೆ. "ಮೂರು ದಿನ ಕಳೆಯಲಿ, ಈಗಲೇ ಏನೂ ಹೇಳಲಾರೆ" ಎಂಬ ವೈದ್ಯರ ಉತ್ತರ ಬೆಂಚಿನ ಮೇಲಿನವರಿಗೆ ಜಾರಿಕೊಳ್ಳುವ ಮಾತಾಗಿ ಕೇಳಿಸುತ್ತದೆ. ಆ 72 ಗಂಟೆಗಳ ಹಿಂದೆ ಇಷ್ಟೆಲ್ಲ ಕಥೆಯಿದೆಯೆಂದು ಅವರಿಗೆ ಹೇಳುವಷ್ಟು ವ್ಯವಧಾನ ಆ ಬಾಗಿಲಿನ ಬಳಿ ಯಾರಿಗೂ ಇರುವುದಿಲ್ಲ. ಸೂಚನೆಗಳು ಒಂದಕ್ಕೊಂದು ಹೊಂದದಿದ್ದರೆ ಆ ಮಾರ್ಗಸೂಚಿ ಹೇಳುವುದು ಇನ್ನೂ ಕಾಯಿರಿ, ಮತ್ತೆ ಪರೀಕ್ಷಿಸಿರಿ ಎಂದೇ. ಹಾಗೆ ಕಾದ ಕಡೆಗಳಲ್ಲಿ ಎರಡನೆಯ ವಾರದಲ್ಲಿ ಕಣ್ಣು ತೆರೆದವರೂ ಉಂಟು.